ಅಪ್ಪನೂ ತಾತನೂ ಒಂದೇ ಟಗರು ಆದ್ರೆ

ಶೆಡ್ಡಲ್ಲಿ ಕುರಿ ಸಾಕ್ತಿರೋ ಯಾರನ್ನಾದ್ರೂ ಕೇಳಿ ನೋಡಿ, ಮರಿ ಯಾಕೆ ಸತ್ತೋಯ್ತು ಅಂತ. ನ್ಯುಮೋನಿಯಾ ಅಂತಾರೆ, ಬೇಧಿ ಅಂತಾರೆ, ಆ ವಾರ ಚಳಿ ಜಾಸ್ತಿ ಇತ್ತು ಅಂತಾರೆ, ತಾಯಿ ಕೆಚ್ಚಲಲ್ಲಿ ಹಾಲೇ ಇರ್ಲಿಲ್ಲ ಅಂತಾರೆ. ಯಾವುದೂ ಸುಳ್ಳಲ್ಲ. ಆದ್ರೆ "ಈ ಮರಿಗೆ ಅಪ್ಪನೂ ತಾತನೂ ಒಂದೇ ಟಗರು, ಅದಕ್ಕೇ ತಡ್ಕೊಳ್ಳಕ್ಕಾಗ್ಲಿಲ್ಲ" ಅಂದವರನ್ನ ನಮ್ಮ ಮಳವಳ್ಳಿ ಸೀಮೇಲಿ ನಾನಂತೂ ಕಂಡಿಲ್ಲ. ಇನ್‌ಬ್ರೀಡಿಂಗ್, ಅಂದ್ರೆ ಹತ್ರದ ರಕ್ತಸಂಬಂಧದಲ್ಲೇ ಕ್ರಾಸ್ ಆಗೋದು, ಇದರ ಬಗ್ಗೆ ಬರೀಬೇಕು ಅನ್ಸಿದ್ದೇ ಇದಕ್ಕೆ. ಇದು ಸಾಮಾನ್ಯವಾಗಿ ಮರೀನ ನೇರವಾಗಿ ಕೊಲ್ಲಲ್ಲ, ಬೇರೆ ಯಾವುದೋ ಕಾಯಿಲೆ ಬಂದಾಗ ಆ ಮರೀನೇ ಮೊದ್ಲು ಬೀಳೋ ಹಂಗೆ ಮಾಡಿಟ್ಟಿರುತ್ತೆ, ಕೊನೆಗೆ ಹೆಸರು ಮಾತ್ರ ಕಾಯಿಲೆದು.

ಕೈಕಾಲು ಸೊಟ್ಟಗಿರೋ ಮರಿ, ಇಂಥವು ಹುಟ್ಟಿದ್ರೆ ಮಾತ್ರ ಇನ್‌ಬ್ರೀಡಿಂಗ್ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಂಥದ್ದೂ ಇದೆ, ಇಲ್ಲ ಅಂತಲ್ಲ. ಅಮೆರಿಕದಲ್ಲಿ ಸಫೋಕ್ ಅನ್ನೋ ಕಪ್ಪು ಮುಖದ ಕುರಿಗಳಲ್ಲಿ ಸ್ಪೈಡರ್ ಲ್ಯಾಂಬ್ ಅಂತ ಒಂದು ಕಾಯಿಲೆ ಕಾಣಿಸ್ಕೊಂಡಿತ್ತು, ಜೇಡರ ಹುಳದ ಹಂಗೆ ಉದ್ದುದ್ದ ಸೊಟ್ಟ ಕಾಲು, ಬಾಗಿದ ಬೆನ್ನು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದ್ರೆ ಮಾತ್ರ ಹಂಗಾಗುತ್ತೆ, ಒಂದು ಕಡೆಯಿಂದ ಬಂದ್ರೆ ಕುರಿ ನೋಡಕ್ಕೆ ಚೆನ್ನಾಗೇ ಇರುತ್ತೆ, ಶೋನಲ್ಲಿ ಪ್ರೈಜ್ ಗೆಲ್ಲೋ ಟಗರೇ ಆ ಜೀನ್ ಹೊತ್ಕೊಂಡು ಓಡಾಡ್ತಿರಬಹುದು. ನಮ್ಮಲ್ಲೂ ಕೆಳದವಡೆ ಗಿಡ್ಡ ಇರೋ ಮರಿ, ಒಂದೇ ಬೀಜ ಇಳಿದಿರೋ ಗಂಡು ಮರಿ ಆಗೊಂದು ಈಗೊಂದು ಹುಟ್ಟುತ್ತೆ. ಆದ್ರೆ ರೈತನಿಗೆ ನಿಜವಾದ ಲುಕ್ಸಾನು ಇದ್ರಿಂದಲ್ಲ. ನೋಡಕ್ಕೆ ಏನೂ ತೊಂದ್ರೆ ಇಲ್ಲದ, ಆದ್ರೆ ಹುಟ್ಟುವಾಗ ಒಂದು ಇನ್ನೂರು ಗ್ರಾಂ ಕಮ್ಮಿ ಇರೋ, ಎದ್ದು ನಿಂತು ಮೊಲೆ ಹುಡುಕಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳೋ, ಮೂರು ತಿಂಗಳಿಗೆ ಪಕ್ಕದ ಮರಿಗಿಂತ ಒಂದೂವರೆ ಎರಡು ಕೆಜಿ ಹಿಂದೆ ಬೀಳೋ ಮರಿಗಳಿಂದ.

ಲೆಕ್ಕಕ್ಕೆ ಬರೋಣ. 20+1 ಯೂನಿಟ್ ಅಂದ್ರೆ ಈಗ ಎಲ್ರಿಗೂ ಗೊತ್ತು, 20 ಹೆಣ್ಣು ಒಂದು ಟಗರು, ಕರ್ನಾಟಕ ಸರ್ಕಾರದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ ಕೂಡ ಇದೇ ಲೆಕ್ಕದಲ್ಲಿ ಬಂದಿದ್ದು. ಕೆಲಸದ ಮಟ್ಟಿಗೆ ಒಂದು ಟಗರು 20 ಕುರಿಗೆ ಧಾರಾಳ ಸಾಕು, 30 ಆದ್ರೂ ನಿಭಾಯಿಸುತ್ತೆ. ಸಮಸ್ಯೆ ಇರೋದು ದಿನಗಳ ಲೆಕ್ಕದಲ್ಲಿ. ಜನವರಿಲಿ ಟಗರು ತಂದ್ರಿ ಅಂತ ಇಟ್ಕೊಳ್ಳಿ, ಐದು ತಿಂಗಳು ಗಬ್ಬ, ಜೂನಲ್ಲಿ ಮೊದಲ ಮರಿಗಳು, ಅದರಲ್ಲಿ ಅರ್ಧ ಹೆಣ್ಣು. ಚೆನ್ನಾಗಿ ಮೇಯಿಸಿದ್ರೆ ಆ ಹೆಣ್ಣು ಮರಿಗಳು ಎಂಟೊಂಬತ್ತು ತಿಂಗಳಿಗೆ ಬೆದೆಗೆ ಬರ್ತಾವೆ, ಅಂದ್ರೆ ಮುಂದಿನ ವರ್ಷ ಫೆಬ್ರವರಿ ಮಾರ್ಚ್. ಅವತ್ತು ಶೆಡ್ಡಲ್ಲಿ ಇರೋ ಟಗರು ಯಾವುದು? ಅದೇ, ಅವುಗಳ ಅಪ್ಪ. ತಂದು ಹದಿನಾಲ್ಕು ತಿಂಗಳೂ ಆಗಿರಲ್ಲ.

ಎಲ್ಲ ಕಡೆ "ಎರಡು ವರ್ಷಕ್ಕೊಂದ್ಸಲ ಟಗರು ಬದಲಾಯಿಸಿ" ಅಂತ ಹೇಳ್ತಾರೆ, ಯೂಟ್ಯೂಬಲ್ಲಂತೂ ಎಲ್ಲ ವಿಡಿಯೋದಲ್ಲೂ ಇದೇ ಮಾತು. ಮಾತು ತಪ್ಪಲ್ಲ, ಆದ್ರೆ ಅದು ಸರಿಹೋಗೋದು ಹೆಣ್ಣು ಮರಿಗಳನ್ನ ಬೇರೆ ಕಡೆ ಇಟ್ಟಿದ್ರೆ ಮಾತ್ರ. ಎಲ್ಲ ಒಂದೇ ದೊಡ್ಡೀಲಿ ಕೂಡಿಟ್ಕೊಂಡು ಎರಡು ವರ್ಷ ಕಾದ್ರೆ ಅಷ್ಟೊತ್ತಿಗೆ ಮೊದಲ ತಂಡದ ಮಗಳುಗಳು ಅಪ್ಪನಿಂದಲೇ ಗಬ್ಬ ಆಗಿ, ಕೆಲವು ಈದೂ ಆಗಿರ್ತಾವೆ. ಇನ್ನೊಂದು ಕಡೆ, ಹುಟ್ಟಿದ ಮರಿ ಎಲ್ಲಾ ಮಾರಿಬಿಟ್ಟು ಹೆಣ್ಣು ಕುರಿ ಬೇಕಾದಾಗ ಹೊರಗಿಂದ ತರೋರಿಗೆ ಈ ತಲೆನೋವೇ ಇಲ್ಲ, ಅವರು ಅದೇ ಟಗರನ್ನ ಅದಕ್ಕೆ ಶಕ್ತಿ ಇರೋವರೆಗೂ ಇಟ್ಕೋಬಹುದು. ಬಕ್ರೀದ್‌ಗೆ ಗಂಡು ಮರಿ ತಂದು ಕೊಬ್ಬಿಸಿ ಮಾರೋರಂತೂ ಈ ಪೋಸ್ಟ್ ಓದೋದೇ ಬೇಡ.

ಈ ಸಂಬಂಧ ಎಷ್ಟು ಹತ್ರದ್ದು ಅಂತ ಅಳೆಯಕ್ಕೆ ಒಂದು ಪರ್ಸೆಂಟ್ ಲೆಕ್ಕ ಇದೆ, 1922ರಲ್ಲಿ ಸೀವಾಲ್ ರೈಟ್ ಅನ್ನೋ ಅಮೆರಿಕದ ವಿಜ್ಞಾನಿ ಮಾಡಿದ್ದು. ಕುರಿಯಂಥ ಪ್ರಾಣಿಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಜೀನಿಗೂ ಎರಡು ಪ್ರತಿ ಇರುತ್ತೆ, ಅಪ್ಪಂದೊಂದು ಅಮ್ಮಂದೊಂದು. ಆ ಎರಡೂ ಪ್ರತಿ ಒಂದೇ ಹಿರೀಕನ ಒಂದೇ ಜೀನಿಂದ ಇಳಿದು ಬಂದಿರೋ ಸಾಧ್ಯತೆ ಎಷ್ಟು ಅನ್ನೋದೇ ಆ ಪರ್ಸೆಂಟ್. ಅಪ್ಪ ಮಗಳು ಕ್ರಾಸ್ ಆದ್ರೆ ಹುಟ್ಟೋ ಮರಿಗೆ 25 ಪರ್ಸೆಂಟ್. ತಾಯಿ ಮಗ ಆದ್ರೂ 25, ಒಡಹುಟ್ಟಿದ ಅಣ್ಣ ತಂಗಿ ಆದ್ರೂ 25. ಆ ಅಣ್ಣ ತಂಗಿಗೆ ಅಪ್ಪ ಒಬ್ಬನೇ ಆಗಿ ತಾಯಿ ಬೇರೆ ಬೇರೆ ಇದ್ರೆ 12.5.

ಇಷ್ಟು ಹೇಳಿದ ತಕ್ಷಣ ನಮ್ಮೂರ ಕಡೆ ಬರೋ ಮೊದಲ ಮಾತು, "ಏನಪ್ಪ, ನಾವು ಸೋದರಮಾವನ್ನೇ ಮದ್ವೆ ಆಗ್ತೀವಿ, ನಮಗೇನಾಗಿದೆ, ಕುರಿಗೇನಾಗುತ್ತೆ ಬಿಡು." ಕೇಳಕ್ಕೆ ತಮಾಷೆ, ಆದ್ರೆ ಪ್ರಶ್ನೆ ಸರಿಯಾಗೇ ಇದೆ. ಸೋದರಮಾವ ಅಕ್ಕನ ಮಗಳು ಮದ್ವೆ ಆದ್ರೆ ಮಗೂಗೆ ಬರೋದು 12.5 ಪರ್ಸೆಂಟ್, ಅತ್ತೆ ಮಗ ಮಾವನ ಮಗಳು ಆದ್ರೆ 6.25. ಅಂದ್ರೆ ಊರಲ್ಲಿ ನಡೆಯೋ ಅತಿ ಹತ್ರದ ಸಂಬಂಧ ಕೂಡ ಶೆಡ್ಡಲ್ಲಿ ಅಪ್ಪ ಮಗಳು ಸೇರೋದ್ರಲ್ಲಿ ಅರ್ಧ ಅಷ್ಟೇ. ಅದೂ ಅಲ್ದೆ ಮಗು ಹುಟ್ಟಿದ್ರೆ ಆಸ್ಪತ್ರೆ, ಬೆಚ್ಚನೆ ಬಟ್ಟೆ, ಅಜ್ಜಿ, ಇಂಜೆಕ್ಷನ್ ಎಲ್ಲ ಇರುತ್ತೆ. ಮರಿ ರಾತ್ರಿ ಎರಡು ಗಂಟೆಗೆ ಒದ್ದೆ ನೆಲದ ಮೇಲೆ ಹುಟ್ಟಿ ತಾನೇ ಎದ್ದು ಗಿಣ್ಣು ಹಾಲು ಹುಡುಕ್ಕೋಬೇಕು.

ಮರಿ ಬೆಳವಣಿಗೆ ಮೇಲೆ ಎಷ್ಟು ಹೊಡೆತ ಬೀಳುತ್ತೆ ಅಂತ ಬೇರೆ ಬೇರೆ ದೇಶಗಳಲ್ಲಿ ಆದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ 1984ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಇನ್‌ಬ್ರೀಡಿಂಗ್ ಒಂದೊಂದು ಪರ್ಸೆಂಟ್ ಏರಿದ ಹಾಗೆ ಹಾಲು ಬಿಡಿಸೋ ಹೊತ್ತಿನ ತೂಕದಲ್ಲಿ ಸರಾಸರಿ ಸುಮಾರು 100 ಗ್ರಾಂ ಕಡಿಮೆ ಆಗುತ್ತೆ, ಹುಟ್ಟು ತೂಕದಲ್ಲಿ ಹತ್ತು ಹದಿನೈದು ಗ್ರಾಂ. ಕೇಳಕ್ಕೆ ಏನೂ ಅಲ್ಲ ಅನ್ಸುತ್ತೆ. ಅಪ್ಪ ಮಗಳ ಮರಿಗೆ 25ರಿಂದ ಗುಣಿಸಿ ನೋಡಿ, ಎರಡೂವರೆ ಕೆಜಿ. ಅವೆಲ್ಲ ದೊಡ್ಡ ಮೈಯ ಜಾತಿ ಕುರಿಗಳು, ನಮ್ಮ ಬಂಡೂರು ತಳಿ ಮರಿ ಹುಟ್ಟೋದೇ ಎರಡು ಕೆಜಿ ಆಸುಪಾಸು, ಹಾಗಾಗಿ ಅದೇ ಅಂಕಿ ತಂದು ಇಲ್ಲಿ ಅಂಟಿಸಕ್ಕೆ ಬರಲ್ಲ, ಅರ್ಧ ಅಂತ್ಲೇ ಇಟ್ಕೊಳ್ಳಿ, ಒಂದು ಮರಿಗೆ ಒಂದೂಕಾಲು ಕೆಜಿ. ಜೀವತೂಕ ಕೆಜಿಗೆ 400 ಅಂತ ಹಿಡಿದ್ರೂ 500 ರೂಪಾಯಿ, ಅಂಥ ಇಪ್ಪತ್ತು ಮರಿ ಇದ್ರೆ 10,000. ಸತ್ತಿರೋದು ಇದ್ರಲ್ಲಿ ಸೇರಿಲ್ಲ. ಹೊಸ ಟಗರು ತರಕ್ಕೆ ದುಡ್ಡಿಲ್ಲ ಅನ್ನೋರು ಈ ಲೆಕ್ಕ ಒಂದ್ಸಲ ಹಾಕ್ಬೇಕು.

ಇಲ್ಲಿ ಇನ್ನೊಂದು ವಿಷಯ ಬಹಳ ಜನ ಬಿಟ್ಟುಬಿಡ್ತಾರೆ. ಮರಿ ಇನ್‌ಬ್ರೆಡ್ ಆದ್ರೆ ಒಂದು ಹೊಡೆತ, ತಾಯಿನೂ ಇನ್‌ಬ್ರೆಡ್ ಆಗಿದ್ರೆ ಎರಡನೇ ಹೊಡೆತ. ತಾಯಿ ಮೈ ಸಣ್ಣ, ಹಾಲು ಕಮ್ಮಿ, ಬೆದೆಗೆ ಬರೋದು ತಡ, ಕೆಲವು ಗೊಡ್ಡೇ ಉಳಿದುಬಿಡ್ತಾವೆ. ಮೊದಲ ಸುತ್ತಲ್ಲಿ ಅಪ್ಪ ಮಗಳು ಸೇರಿದಾಗ ತಾಯಿ ಕುರಿ ಗಟ್ಟಿಯಾಗಿರುತ್ತೆ, ಹಾಲು ಚೆನ್ನಾಗಿರುತ್ತೆ, ಅದ್ರಿಂದ ಮರಿಯ ಕೊರತೆ ಅರ್ಧ ಮುಚ್ಚಿಹೋಗುತ್ತೆ, ರೈತನಿಗೂ "ಏನೂ ಆಗ್ಲಿಲ್ವಲ್ಲ" ಅನ್ನೋ ಧೈರ್ಯ ಬರುತ್ತೆ. ಆ ಮರೀನೇ ದೊಡ್ಡದಾಗಿ ಈಯೋ ಹೊತ್ತಿಗೆ ಎರಡೂ ಒಟ್ಟಿಗೆ ತಗಲ್ಕೊಳ್ಳುತ್ತೆ. ಅಷ್ಟೊತ್ತಿಗೆ ಮೂರು ನಾಲ್ಕು ವರ್ಷ ಆಗಿರುತ್ತೆ, "ಮೊದ್ಲು ಚೆನ್ನಾಗಿತ್ತು, ಈಗ ಯಾಕೋ ಕುರಿ ಕೈ ಹಿಡೀತಾ ಇಲ್ಲ" ಅಂತ ಯಾರದ್ದೋ ಕಣ್ಣು ಬಿತ್ತು ಅಂತ ನಿಂಬೆಹಣ್ಣು ಇಳಿ ತೆಗೀತಾರೆ.

ಬದುಕೋದು ಸಾಯೋದ್ರ ಬಗ್ಗೆ ಇರೋದ್ರಲ್ಲಿ ಪಕ್ಕಾ ಲೆಕ್ಕ ಸಿಕ್ಕಿರೋದು ಯಾವ ಫಾರಂನಿಂದಲೂ ಅಲ್ಲ, ಸ್ಕಾಟ್ಲೆಂಡ್ ಪಶ್ಚಿಮಕ್ಕೆ ಸಮುದ್ರದ ಮಧ್ಯೆ ಇರೋ ಸೇಂಟ್ ಕಿಲ್ಡಾ ಅನ್ನೋ ದ್ವೀಪಗಳಿಂದ. ಅಲ್ಲಿ ಇದ್ದ ಕೊನೆ 36 ಜನ 1930ರಲ್ಲಿ ಊರು ಬಿಟ್ಟು ಹೊರಟುಹೋದ್ರು. 1932ರಲ್ಲಿ ಪಕ್ಕದ ಸೋಯ್ ದ್ವೀಪದಿಂದ 107 ಕುರಿ ತಂದು ಹಿರ್ಟಾ ಅನ್ನೋ ದೊಡ್ಡ ದ್ವೀಪಕ್ಕೆ ಬಿಟ್ರು, ಅಷ್ಟೇ. ಅವತ್ತಿಂದ ಕುರುಬ ಇಲ್ಲ, ನಾಯಿ ಇಲ್ಲ, ತೋಳ ಇಲ್ಲ, ಔಷಧಿ ಇಲ್ಲ, ಮೇವು ಹಾಕೋರಿಲ್ಲ, ತಾವಾಗೇ ಹುಟ್ಟಿ ತಾವಾಗೇ ಸಾಯ್ತಾವೆ. 1985ರಿಂದ ವಿಜ್ಞಾನಿಗಳು ಹುಟ್ಟಿದ ಮರಿಗಳಿಗೆ ಕಿವಿ ಓಲೆ ಹಾಕಿ, ರಕ್ತ ತೆಗೆದು, ಯಾವುದು ಯಾವುದರ ಮಗ ಅಂತ ಬರ್ಕೊಂಡು, ಯಾವ ಚಳಿಗಾಲದಲ್ಲಿ ಸತ್ತಿತು ಅಂತ ದಾಖಲೆ ಇಡ್ತಾ ಬಂದಿದ್ದಾರೆ. ನಮ್ಮಲ್ಲಿ ಯಾರಾದ್ರೂ ಒಂದು ಹಿಂಡಿಗೆ ಐದು ವರ್ಷ ಹಂಗೆ ಬುಕ್ ಇಟ್ಟಿದ್ರೆ ನಾನು ಹೋಗಿ ಕಾಲಿಗೆ ಬೀಳ್ತೀನಿ.

2021ರಲ್ಲಿ ಅಲ್ಲಿನ 5,952 ಕುರಿಗಳ ಡಿಎನ್‌ಎ ಇಟ್ಕೊಂಡು ಲೆಕ್ಕ ಹಾಕಿದಾಗ, ಇನ್‌ಬ್ರೀಡಿಂಗ್ 10 ಪರ್ಸೆಂಟ್ ಜಾಸ್ತಿ ಇದ್ರೆ ಮರಿಗಳಲ್ಲಿ ಬದುಕಿದ್ದಕ್ಕೂ ಸತ್ತಿದ್ದಕ್ಕೂ ಇರೋ ಅನುಪಾತ 60 ಪರ್ಸೆಂಟ್ ಬಿದ್ದೋಗುತ್ತೆ ಅಂತ ಬಂತು. ಬಿಡಿಸಿ ಹೇಳ್ಬೇಕು ಅಂದ್ರೆ ನೂರರಲ್ಲಿ 60 ಮರಿ ಬದುಕ್ತಿದ್ದ ಕಡೆ 37, 38 ಮಾತ್ರ ಬದುಕುತ್ತೆ. ಹತ್ತು ಪರ್ಸೆಂಟಿಗೇ ಇಷ್ಟು! ನಮ್ಮ ಶೆಡ್ಡಲ್ಲಿ ಅಪ್ಪ ಮಗಳು 25. ಸರಿ, ಅದು ಕಾಡು ಬದುಕು, ಹಿಮಗಾಳಿ, ಹಸಿವು, ನಮ್ಮ ಶೆಡ್ಡಲ್ಲಿ ಅಷ್ಟು ಕಷ್ಟ ಇಲ್ಲ, ಹಾಗಾಗಿ ಸಾವು ಅಷ್ಟು ಆಗಲ್ಲ ಅನ್ನೋದು ನಿಜ. ಇನ್ನೊಂದು ಗಮನಿಸಬೇಕಾದ್ದು, ಈ ಪೆಟ್ಟು ಜೋರಾಗಿ ಬೀಳೋದು ಮರಿ ಇದ್ದಾಗಲೇ, ವಯಸ್ಸಾಗ್ತಾ ವ್ಯತ್ಯಾಸ ಕಮ್ಮಿ ಆಗುತ್ತೆ. ಮೊದಲ ಚಳಿಗಾಲ ದಾಟಿದವು ಹೆಚ್ಚುಕಮ್ಮಿ ಗಟ್ಟಿಪಿಂಡಗಳೇ ಆಗಿರ್ತಾವಲ್ಲ.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿದ್ದು ಅದೇ ಹಿಂಡಿನ ಮೇಲೆ 1999ರಲ್ಲಿ ಬಂದ ಕೆಲಸ. ಇನ್‌ಬ್ರೆಡ್ ಕುರಿಗಳ ಹೊಟ್ಟೇಲಿ ಜಂತುಹುಳ ಜಾಸ್ತಿ ಇತ್ತು, ಚಳಿಗಾಲದಲ್ಲಿ ಅವೇ ಜಾಸ್ತಿ ಸಾಯ್ತಿದ್ವು. ಆದ್ರೆ ಪ್ರಯೋಗಕ್ಕೆ ಅಂತ ವಿಜ್ಞಾನಿಗಳು ಚಳಿಗೆ ಮುಂಚೆ ಹುಳದ ಔಷಧಿ ಕೊಟ್ಟಿದ್ದ ಕೆಲವು ಕುರಿಗಳನ್ನ ನೋಡಿದ್ರೆ ಆ ವ್ಯತ್ಯಾಸನೇ ಇಲ್ಲ! ಅಂದ್ರೆ ಕೊಂದಿದ್ದು ಹುಳ, ಹುಳಕ್ಕೆ ಬಾಗಿಲು ತೆಗೆದು ಕೊಟ್ಟಿದ್ದು ಹತ್ರದ ರಕ್ತ. ನಮ್ಮ ಕಡೆ ಮಳೆಗಾಲದಲ್ಲಿ ಕೆರೆ ಅಂಗಳ, ಗದ್ದೆ ಬದು ಮೇಯೋ ಕುರಿಗೆ ರಕ್ತ ಹೀರೋ ಹುಳ ಬಂದು ಗಂಟಲ ಕೆಳಗೆ ನೀರು ತುಂಬ್ಕೊಂಡು ಕಣ್ಣು ಬಿಳುಚ್ಕೊಂಡು ಸಾಯುತ್ತಲ್ಲ, ಒಂದೇ ಹುಲ್ಲು ಮೇಯ್ದ ಹತ್ತರಲ್ಲಿ ಎರಡಕ್ಕೆ ಮಾತ್ರ ಜೋರಾಗಿ ಯಾಕೆ ಬರುತ್ತೆ ಅಂತ ನಾವು ಯಾವತ್ತೂ ಕೇಳ್ಕೊಳ್ಳಲ್ಲ. ಎಲ್ಲ ಸಲನೂ ಇದೇ ಕಾರಣ ಅಂತ ನಾನು ಹೇಳ್ತಿಲ್ಲ, ಆದ್ರೆ ಆ ಎರಡರ ಅಪ್ಪ ಯಾರು ಅಂತ ನೋಡೋದ್ರಲ್ಲಿ ಖರ್ಚೇನಿಲ್ಲ. ಶೆಡ್ಡಲ್ಲಿ ಕಾಲಕಾಲಕ್ಕೆ ಔಷಧಿ ಕುಡಿಸೋದ್ರಿಂದ ಈ ದೌರ್ಬಲ್ಯ ಮುಚ್ಚಿಹೋಗಿರುತ್ತೆ, ಒಂದು ವರ್ಷ ಔಷಧಿ ತಡ ಆಗ್ಲಿ ಆಗ ಬಯಲಿಗೆ ಬರುತ್ತೆ.

ಇನ್ನು ವಾದಕ್ಕೆ ಬರೋರು ಇದ್ದಾರೆ. ಪುಸ್ತಕ ಓದ್ಕೊಂಡಿರೋರು "ಇಂಗ್ಲೆಂಡಿನ ಬೇಕ್‌ವೆಲ್ ಹತ್ರದ ಸಂಬಂಧದಲ್ಲೇ ಕ್ರಾಸ್ ಮಾಡಿ ಲೀಸೆಸ್ಟರ್ ಕುರಿ ಮಾಡ್ಲಿಲ್ವಾ" ಅಂತಾರೆ. ಮಾಡ್ದ. ರಾಬರ್ಟ್ ಬೇಕ್‌ವೆಲ್, 1725ರಿಂದ 1795, ಡಿಶ್ಲಿ ಅನ್ನೋ ಊರು, ಬೇಗ ಕೊಬ್ಬೋ ಕುರಿ ಮಾಡಿ ಟಗರುಗಳನ್ನ ಸೀಸನ್‌ಗೆ ಬಾಡಿಗೆಗೆ ಬಿಟ್ಟು ದುಡ್ಡು ಮಾಡ್ದ. ಆದ್ರೆ ಅವನು ಇಷ್ಟ ಆಗದ್ದನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಕಟುಕರಿಗೆ ಕಳಿಸ್ತಿದ್ದ, ಹಂಗಿದ್ರೂ ಅವನ ಕುರಿಗಳಿಗೆ ಮರಿ ಕಮ್ಮಿ ಅನ್ನೋ ದೂರು ಆ ಕಾಲದಲ್ಲೇ ಇತ್ತು. ನಾವು ಇಪ್ಪತ್ತು ಕುರಿ ಇಟ್ಕೊಂಡು ಅದರಲ್ಲಿ ಹದಿನೈದು ಕಳಿಸ್ತೀವಾ?

ಇನ್ನೊಂದು ಉದಾಹರಣೆ ಇದಕ್ಕಿಂತ ಚೆಂದ ಇದೆ. ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ ಫ್ರಾನ್ಸಿನವರ ಕೆರ್ಗೆಲೆನ್ ದ್ವೀಪಗಳಿವೆ, ಅದರಲ್ಲೊಂದು ಸಣ್ಣ ದ್ವೀಪಕ್ಕೆ 1957ರಲ್ಲಿ ಮೂಫ್ಲಾನ್ ಅನ್ನೋ ಕಾಡು ಕುರಿ ಒಂದೇ ಜೋಡಿ ಬಿಟ್ರು. ಒಂದು ಗಂಡು, ಒಂದು ಹೆಣ್ಣು. ಅದರಿಂದ ಹಿಂಡು ಏಳ್ನೂರರವರೆಗೂ ಬೆಳೀತು. ಹುಟ್ಟಿದ್ದೆಲ್ಲ ಅಣ್ಣ ತಂಗಿ, ಅಪ್ಪ ಮಗಳು! ಹಂಗಾದ್ರೆ ಇನ್‌ಬ್ರೀಡಿಂಗ್ ಸುಳ್ಳಾ? ಇಷ್ಟೊತ್ತಿಗೆ ಆ ಹಿಂಡಲ್ಲಿ ಜೀನ್ ವೈವಿಧ್ಯ ಎಷ್ಟೋ ಸೊರಗಿ ಹೋಗಿರುತ್ತೆ ಅಂದ್ಕೊಂಡು ಪರೀಕ್ಷೆ ಮಾಡಿದ್ರೆ, 2007ರಲ್ಲಿ ಬಂದ ಫಲಿತಾಂಶ ಉಲ್ಟಾ, ಲೆಕ್ಕದಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ವೈವಿಧ್ಯ ಉಳಿದಿತ್ತು. ಅದಕ್ಕೆ ಅವರು ಕೊಟ್ಟ ಕಾರಣ, ಜೀನಿನ ಎರಡೂ ಪ್ರತಿ ಬೇರೆ ಬೇರೆ ಇದ್ದ ಮರಿಗಳೇ ಜಾಸ್ತಿ ಬದುಕಿ ಮುಂದಕ್ಕೆ ಮರಿ ಹಾಕ್ತಾ ಬಂದಿದ್ದು. ಅಂದ್ರೆ ಒಂದೇ ಥರ ಇದ್ದವು ಉಳೀಲಿಲ್ಲ. ಪ್ರಕೃತಿ ಅಲ್ಲಿ ಬೇಕ್‌ವೆಲ್ ಕೆಲಸ ಮಾಡ್ತು, ಖರ್ಚು ಯಾರ ಜೇಬಿಂದಲೂ ಹೋಗ್ಲಿಲ್ಲ. ನಮ್ಮ ಶೆಡ್ಡಲ್ಲಿ ಹೋಗೋದು ನಮ್ಮ ಜೇಬಿಂದ.

ಈಗ ನಮ್ಮ ಬಂಡೂರು ವಿಷಯ, ನನಗೆ ನಿಜವಾದ ಚಿಂತೆ ಇರೋದೇ ಇಲ್ಲಿ. ಗಿಡ್ಡ ಕಾಲು, ಪೀಪಾಯಿ ಮೈ, ಹಿಂದಿಂದ ನೋಡಿದ್ರೆ ಇಂಗ್ಲಿಷಿನ U ಅಕ್ಷರ ತಲೆಕೆಳಗಾಗಿ ಬರೆದ ಹಾಗೆ ಕಾಣೋ ತೊಡೆ, ಕತ್ತಿನ ಕೆಳಗೆ ಎರಡು ಗೊಂಚಲು. ಮೂಲ ಮಳವಳ್ಳಿ ತಾಲ್ಲೂಕಿನ ಬಂಡೂರು, ಸುತ್ತ ಬನ್ನೂರು, ಟಿ.ನರಸೀಪುರ, ಮಂಡ್ಯ, ಇಷ್ಟೇ ಸೀಮೆ, ಬನ್ನೂರು ಕುರಿ ಅನ್ನೋದೂ ಇದನ್ನೇ. ಬಿರಿಯಾನಿಗೆ ಬನ್ನೂರು ಕುರಿ ಅಂತ ಬೆಂಗಳೂರಲ್ಲಿ ಬೋರ್ಡ್ ಹಾಕಿರೋದಷ್ಟೂ ನಿಜವಾದ ಬನ್ನೂರು ಆಗಿದ್ರೆ ಈ ಚಿಂತೆ ಇರ್ತಿರ್ಲಿಲ್ಲ. ಅಪ್ಪಟ ತಳಿ ಉಳಿದಿರೋದು ಕೆಲವೇ ಮನೆಗಳಲ್ಲಿ, ಧನಗೂರಿನ ಸರ್ಕಾರಿ ಕುರಿ ತಳಿ ಕೇಂದ್ರದಂಥ ಒಂದೆರಡು ಕಡೆ. ಉಳಿದ ಕಡೆ ಮೈ ದೊಡ್ಡದಾಗ್ಲಿ ಅಂತ ಬೇರೆ ಬೇರೆ ಟಗರು ಬಿಟ್ಟು ಬೆರೆಸಿಬಿಟ್ಟಿದ್ದಾರೆ.

ಹಾಗಾಗಿ ಅಪ್ಪಟ ಬೇಕು ಅನ್ನೋರೆಲ್ಲ ಟಗರು ತರೋದು ಅವೇ ನಾಲ್ಕು ಮನೆಯಿಂದ. ನೀವು ಪಕ್ಕದೂರಿಂದ ಹೊಸ ಟಗರು ತಂದೆ ಅಂತ ಖುಷಿಯಾಗಿರ್ತೀರಿ, ವಿಚಾರಿಸಿ ನೋಡಿದ್ರೆ ಅದು ನಿಮ್ಮ ಹಳೇ ಟಗರಿನ ತಮ್ಮ, ಇಲ್ಲಾಂದ್ರೆ ನೀವೇ ಮೂರು ವರ್ಷದ ಹಿಂದೆ ಮಾರಿದ ಮರಿಯ ಮಗ. ದುಡ್ಡು ಕೊಟ್ಟು ರಕ್ತ ವಾಪಸ್ ತಂದ ಹಾಗಾಯ್ತು. ಟಗರು ಕೊಳ್ಳುವಾಗ ಹಲ್ಲು ನೋಡ್ತೀವಿ, ಬೀಜ ಹಿಡಿದು ನೋಡ್ತೀವಿ, ಬೆನ್ನು ಅಮುಕಿ ನೋಡ್ತೀವಿ, "ಇದರಪ್ಪ ಎಲ್ಲಿಂದ ಬಂದಿದ್ದು" ಅಂತ ಮಾತ್ರ ಕೇಳಲ್ಲ. ಅದೊಂದನ್ನ ಕೇಳಿ, ಎರಡು ತಲೆಮಾರು ಹಿಂದಕ್ಕೆ ಹೋದ್ರೆ ಸಾಕು. ಮಾರೋರಿಗೂ ಗೊತ್ತಿರುತ್ತೆ, ಹೇಳ್ತಾರೆ.

ಹೆಣ್ಣು ಕುರಿ ಜಾಸ್ತಿ ಇಟ್ರೆ ಬಚಾವ್ ಅನ್ನೋದೂ ಇಲ್ಲ. ಹೊರಗಿಂದ ಏನೂ ತರದೆ ಮುಚ್ಚಿಟ್ಟ ಹಿಂಡಲ್ಲಿ 20+1 ಇದ್ರೆ ತಲೆಮಾರಿಗೆ 13 ಪರ್ಸೆಂಟ್ ಇನ್‌ಬ್ರೀಡಿಂಗ್ ಏರುತ್ತೆ, 100+1 ಮಾಡಿದ್ರೂ 12.6. ಐದು ಪಟ್ಟು ಕುರಿ, ವ್ಯತ್ಯಾಸ ಅರ್ಧ ಪರ್ಸೆಂಟ್! ಅದೇ 20 ಕುರಿಗೆ ಇನ್ನೊಂದು ಸಂಬಂಧ ಇಲ್ಲದ ಟಗರು ಸೇರಿಸಿ 20+2 ಮಾಡಿ, 7ಕ್ಕಿಂತ ಕೆಳಗೆ ಬರುತ್ತೆ. ಹೆಣ್ಣುಗಳು ಎಷ್ಟೇ ಇರ್ಲಿ, ಹುಟ್ಟೋ ಮರಿಗೆಲ್ಲ ಅಪ್ಪ ಒಬ್ಬನೇ ತಾನೇ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ ಕಡೆಯಿಂದ ವಲಸೆ ಬಂದು ಹೊಲದಲ್ಲಿ ಮಂದೆ ಹಾಕೋ ಹಾಲುಮತದವರ ಹಿಂಡುಗಳಲ್ಲಿ ಮೂರ್ನಾಲ್ಕು ಮನೆ ಕುರಿ ಒಟ್ಟಿಗೆ ನಡೀತಿರ್ತಾವೆ, ಟಗರೂ ಒಂದಕ್ಕಿಂತ ಜಾಸ್ತಿ ಇರ್ತಾವೆ, ದಾರೀಲಿ ಮಾರೋದು ಕೊಳ್ಳೋದು ನಡೀತಾನೇ ಇರುತ್ತೆ. ಈ ಸಮಸ್ಯೆ ಅವರಿಗಿಂತ ನಮ್ಮಂಥ ಸಣ್ಣ ಶೆಡ್‌ನೋರಿಗೇ ಜಾಸ್ತಿ.

ಒಳ್ಳೆ ಸುದ್ದಿ ಏನಂದ್ರೆ ಇದು ಸರಿಯಾಗೋದು ತುಂಬಾ ಬೇಗ. ತಾಯಿ ಎಷ್ಟೇ ಇನ್‌ಬ್ರೆಡ್ ಆಗಿರ್ಲಿ, ಸಂಬಂಧವೇ ಇಲ್ಲದ ಟಗರಿಗೆ ಕ್ರಾಸ್ ಆದ್ರೆ ಹುಟ್ಟೋ ಮರಿಗೆ ಇನ್‌ಬ್ರೀಡಿಂಗ್ ಸೊನ್ನೆ. ಒಂದೇ ಸೂಲು. ತಾಯಿ ಹಾಲಿನ ಕೊರತೆ ಒಂದು ಉಳ್ಕೊಳ್ಳುತ್ತೆ, ಅದು ಮುಂದಿನ ತಲೆಮಾರಲ್ಲಿ ಸರಿಹೋಗುತ್ತೆ. ಆದ್ರೆ ಆ ಹೊಸ ಟಗರನ್ನೂ ನಾಲ್ಕು ವರ್ಷ ಕಟ್ಕೊಂಡು ಕೂತ್ರೆ ವಾಪಸ್ ಅದೇ 25.

ನಾವು ಈಗ ಮಾಡ್ತಿರೋದು ಮೂರು ಮನೆಯವರು ಸೇರ್ಕೊಂಡು ಟಗರು ಸುತ್ತಿಸೋದು. ನಮ್ಮ ಮನೇಲಿ ಹುಟ್ಟಿದ ಒಳ್ಳೆ ಗಂಡು ಮರಿ ಎರಡನೇ ಮನೆಗೆ, ಅವರದ್ದು ಮೂರನೇ ಮನೆಗೆ, ಮೂರನೆಯವರದ್ದು ನಮಗೆ, ಯಾವಾಗ್ಲೂ ಇದೇ ದಿಕ್ಕು, ಉಲ್ಟಾ ಹೋಗಂಗಿಲ್ಲ. ಹೆಣ್ಣು ಮರಿ ಎಲ್ಲಿ ಹುಟ್ಟುತ್ತೋ ಅಲ್ಲೇ. ಮೂರೇ ಮನೆ ಆದ್ರೆ ಸುತ್ತಿ ಸುತ್ತಿ ನಮ್ಮ ರಕ್ತನೇ ಬರುತ್ತೆ, ಅದಕ್ಕೆ ಆಗಾಗ ಯಾರಾದ್ರೂ ಒಬ್ರು ಪೂರ್ತಿ ಹೊರಗಿನ ಟಗರು ತರಬೇಕು ಅಂತ ಮಾತಾಗಿದೆ, ಯಾರು ತರೋದು ಅನ್ನೋದ್ರಲ್ಲಿ ಪ್ರತಿ ಸಲನೂ ಜಗಳ. ಹೊರಗಿಂದ ತಂದಿದ್ದನ್ನ ಮೂರು ವಾರ ಬೇರೆ ಕಡೆ ಕಟ್ಟಿ, ಪಿಪಿಆರ್ ಅನ್ನೋ ಅಂಟುರೋಗದ ಲಸಿಕೆ ಆಗಿದ್ಯಾ ಕೇಳಿ, ಹುಳದ ಔಷಧಿ ಕುಡಿಸಿ ಆಮೇಲೆ ಒಳಗೆ ಬಿಡೋದು, ಇಲ್ಲಾಂದ್ರೆ ಹೊಸ ರಕ್ತದ ಜೊತೆ ಹೊಸ ಕಾಯಿಲೆನೂ ಬರುತ್ತೆ.

ಗಂಡು ಮರಿಗಳ ವಿಷಯದಲ್ಲಿ ತಡ ಮಾಡ್ಬಾರ್ದು. ಐದಾರು ತಿಂಗಳಿಗೇ ಅವಕ್ಕೆ ಬುದ್ಧಿ ಬಂದುಬಿಡುತ್ತೆ, ಅಕ್ಕ ತಂಗಿ ತಾಯಿ ಅಂತ ನೋಡಲ್ಲ. ನಾಲ್ಕು ತಿಂಗಳೊಳಗೆ ಬೇರೆ ಕೋಣೆಗೆ ಹಾಕ್ಬೇಕು, ಇಲ್ಲಾಂದ್ರೆ ಬೀಜ ಒತ್ತಿಸಿಬಿಡ್ಬೇಕು. ಅವಳಿ ಮರಿ ಹಾಕೋ ನಾರಿ ಸುವರ್ಣ ಸಾಕೋರಿಗೆ ಇದು ಇನ್ನೂ ಮುಖ್ಯ, ಅಲ್ಲಿ ಒಡಹುಟ್ಟಿದ ಗಂಡು ಹೆಣ್ಣು ಜೊತೇಲೇ ಬೆಳೀತಿರ್ತಾವೆ.

ಬುಕ್ಕಲ್ಲಿ ತುಂಬಾ ಏನೂ ಬರೀಬೇಕಾಗಿಲ್ಲ, ಓಲೆ ನಂಬರ್, ತಾಯಿ ನಂಬರ್, ಅಪ್ಪ ಯಾರು, ಹುಟ್ಟಿದ ದಿನ, ಹುಟ್ಟು ತೂಕ, ಮೂರು ತಿಂಗಳ ತೂಕ. ತೂಕಕ್ಕೆ ತಕ್ಕಡಿ ಇಲ್ಲಾಂದ್ರೆ ಚೀಲಕ್ಕೆ ಹಾಕಿ ಕೊಕ್ಕೆ ತಕ್ಕಡಿಗೆ ನೇತುಹಾಕಿ. ಮೊಬೈಲಲ್ಲಿ ಬರ್ಕೋತೀನಿ ಅನ್ನೋರು ಮೊಬೈಲ್ ಬದಲಾಯಿಸಿದಾಗ ಎಲ್ಲಾ ಹೋಯ್ತು ಅಂತ ಹೇಳೋದು ಕೇಳಿ ಕೇಳಿ ಸಾಕಾಗಿದೆ, ಅಂಗಡೀಲಿ ಸಿಗೋ ಉದ್ದ ನೋಟ್‌ಬುಕ್ಕೇ ಒಳ್ಳೇದು. ಬಂಡೂರು ಇಟ್ಕೊಂಡಿರೋರು ಯಾರಾದ್ರೂ ನಮ್ಮ ಸುತ್ತಿಗೆ ನಾಲ್ಕನೇ ಮನೆಯಾಗಿ ಸೇರ್ತೀರಾ ಅಂದ್ರೆ ಕಾಮೆಂಟಲ್ಲಿ ಹೇಳಿ, ನಿಮ್ಮ ಟಗರಿನ ಅಪ್ಪ ಎಲ್ಲಿಂದ ಬಂದಿದ್ದು ಅನ್ನೋದನ್ನೂ ಜೊತೆಗೇ ಬರೀರಿ.